200 ಗಿಡ ಬೇಡ, ಮೂರು ಬೇಸಿಗೆಯ ನೀರು ಕೊಡಿ

ಪ್ರಶ್ನೆ: ನಾವು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಕೊಳಗೇರಿ ಮಂಡಳಿ ಕಟ್ಟಿಕೊಟ್ಟ ಕ್ವಾರ್ಟರ್ಸ್‌ನಲ್ಲಿದ್ದೇವೆ. ಸುಮಾರು 120 ಮನೆಗಳು. ಮರ ಅಂತ ಇರುವುದು ಒಂದು ಹೊಂಗೆ, ಎರಡು ನುಗ್ಗೆ. ಮೂಲೆಯಲ್ಲಿ ಒಂದು ಖಾಲಿ ಜಾಗ ಇದೆ, ಎಲ್ಲರೂ ಅಲ್ಲಿ ಕಸ ಸುರಿಯುತ್ತಾರೆ. ಒಂದು ಕಂಪನಿಯವರು ಜೂನ್ 5ಕ್ಕೆ ಬಂದು 200 ಗಿಡ ನೆಟ್ಟುಕೊಡುತ್ತೇವೆ ಎಂದಿದ್ದಾರೆ. ನಮ್ಮ ಮಹಿಳಾ ಸಂಘದವರಿಗೆ ಆ ಮೂಲೆಯಲ್ಲಿ ಸೊಪ್ಪು, ತರಕಾರಿ ಬೆಳೆಯುವ ಆಸೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಯಾವ ಗಿಡ ಕೇಳಬೇಕು? ಯಾರ ಅನುಮತಿ ಬೇಕು? ಬೇರು ಬಂದು ಪಾಯ ಸೀಳುತ್ತದೆ ಎಂದು ಎರಡನೇ ಬ್ಲಾಕ್‌ನವರು ಬೇಡ ಅನ್ನುತ್ತಿದ್ದಾರೆ. ಅದು ನಿಜವೇ?

ಉತ್ತರ: ಯಾವ ಗಿಡ ಅನ್ನುವುದು ಆಮೇಲಿನ ಮಾತು. ಮೊದಲು ನೀರಿನ ಲೆಕ್ಕ ಹಾಕೋಣ.

ನೆಟ್ಟ ಗಿಡಕ್ಕೆ ಫೆಬ್ರವರಿಯಿಂದ ಮೇ ತನಕ ವಾರಕ್ಕೆ ಎರಡು ಸಲ, ಸಲಕ್ಕೆ 10 ಲೀಟರ್ ನೀರು ಬೇಕು. 200 ಗಿಡಕ್ಕೆ ವಾರಕ್ಕೆ 4,000 ಲೀಟರ್. ಅಂದರೆ ಪ್ರತಿ ವಾರ ಒಂದು ಸಣ್ಣ ಟ್ಯಾಂಕರ್. ನಿಮ್ಮ 120 ಮನೆಗೆ ಹಂಚಿದರೆ ಮನೆಗೆ 33 ಲೀಟರ್, ಹೆಚ್ಚುಕಡಿಮೆ ಎರಡು ಕೊಡ ಬರುತ್ತದೆ. ದಿನ ಬಿಟ್ಟು ದಿನ ನೀರು ಹಿಡಿದು, ಮೂರನೇ ಮಹಡಿಗೆ ಹೊತ್ತುಕೊಂಡು ಹೋಗುವ ಹೆಂಗಸರಿಗೆ ‘ಎರಡು ಕೊಡ ಗಿಡಕ್ಕೂ ಹಾಕಿ’ ಅಂತ ಯಾವ ಬಾಯಲ್ಲಿ ಹೇಳುವುದು? ಒಂದು ತಿಂಗಳು ಹಾಕುತ್ತಾರೆ. ಆಮೇಲೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಅದು ಅವರ ತಪ್ಪೂ ಅಲ್ಲ. ಇಂಥ ಕಡೆ ಗಿಡ ಒಣಗಿದಾಗ ‘ಜನಕ್ಕೆ ಆಸಕ್ತಿ ಇಲ್ಲ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ 24 ಗಿಡಕ್ಕೆ ಅದೇ ಲೆಕ್ಕ ಹಾಕಿ. ವಾರಕ್ಕೆ 480 ಲೀಟರ್. ಮನೆಗೆ ನಾಲ್ಕು ಲೀಟರ್. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಲ್ಲೇ ಆಗಿಹೋಗುತ್ತದೆ. ಹಾಗಾಗಿ ನನ್ನ ಸಲಹೆ ನೇರವಾಗಿದೆ. 200 ಬೇಡ ಅನ್ನಿ, ಮೊದಲ ವರ್ಷಕ್ಕೆ 24 ಸಾಕು ಅನ್ನಿ.

ಇದು ನನ್ನ ಹೊಸ ಬುದ್ಧಿಯೇನೂ ಅಲ್ಲ. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟಿದ್ದು ಹೀಗೆಯೇ. ಮೊದಲ ವರ್ಷ 10, ಮುಂದಿನ ವರ್ಷ 15, ಅದರ ಮುಂದಿನ ವರ್ಷ 20. ಮಳೆಗಾಲದಲ್ಲಿ ನೆಟ್ಟರು, ದನ ಮುಟ್ಟದ ಹಾಗೆ ಮುಳ್ಳಿನ ಬೇಲಿ ಕಟ್ಟಿದರು, ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತರು. ನಾವು ಅವರ ಫೋಟೋಗೆ ಕೈಮುಗಿಯುತ್ತೇವೆ, ಆ ಲೆಕ್ಕವನ್ನು ಮಾತ್ರ ಮರೆಯುತ್ತೇವೆ. ಹೊರುವಷ್ಟು ನೀರಿಗೆ ತಕ್ಕಷ್ಟೇ ಗಿಡ ನೆಟ್ಟಿದ್ದಕ್ಕೆ ಅವು ಉಳಿದವು.

ನೀರು ಎಲ್ಲಿಂದ ತರುವುದು? ನಲ್ಲಿ ನೀರನ್ನು ನಂಬಬೇಡಿ. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಗಿಡಕ್ಕೆ ನೀರು ಬೇಕಾಗುವುದೇ ಅಂಥ ಬೇಸಿಗೆಯಲ್ಲಿ. ಅದಕ್ಕೇ ಬೇರೆ ದಾರಿಗಳನ್ನು ಈಗಲೇ ನೋಡಿಟ್ಟುಕೊಳ್ಳಬೇಕು.

ನಿಮ್ಮ ಹತ್ತಿರ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಇದೆಯಾ? ಇದ್ದರೆ ಅದರ ಹಿಂದೆ ಹೋಗಿ ನೋಡಿ. ಒಂದು ಪೈಪಿನಲ್ಲಿ ನೀರು ಸುಮ್ನೆ ಚರಂಡಿಗೆ ಹೋಗುತ್ತಿರುತ್ತದೆ. ಆರ್‌ಒ ಯಂತ್ರದ ಒಳಗೆ ಹೋದ ನೀರಲ್ಲಿ ಅರ್ಧದಷ್ಟು, ಕೆಲವು ಕಡೆ ಅದಕ್ಕಿಂತ ಜಾಸ್ತಿ, ಹೀಗೆ ಹೊರಗೆ ಬೀಳುತ್ತದೆ. ಅದನ್ನು ಒಂದು ಸಿಂಟೆಕ್ಸ್ ಟ್ಯಾಂಕಿಗೆ ತಿರುಗಿಸಿದರೆ ನಿಮ್ಮ 24 ಗಿಡದ ಚಿಂತೆ ಬಹುಪಾಲು ಮುಗಿಯಿತು. ಆದರೆ ಎಚ್ಚರ, ಅದರಲ್ಲಿ ಉಪ್ಪಿನಂಶ ಜಾಸ್ತಿ. ಹೊಂಗೆ, ಬೇವು ತಡೆದುಕೊಳ್ಳುತ್ತವೆ. ನಿಂಬೆ, ಸೊಪ್ಪು ತಡೆಯುವುದಿಲ್ಲ, ಎಲೆಯ ಅಂಚು ಸುಟ್ಟ ಹಾಗೆ ಆಗುತ್ತದೆ. ಮರಗಳಿಗೂ ಒಂದು ಸಲ ಈ ನೀರು, ಇನ್ನೊಂದು ಸಲ ಬೇರೆ ನೀರು ಅಂತ ಅದಲುಬದಲು ಮಾಡಿ. ಮಳೆಗಾಲದಲ್ಲಿ ಮಣ್ಣಿನ ಉಪ್ಪು ತೊಳೆದುಹೋಗುತ್ತದೆ.

ಸ್ನಾನದ ನೀರು ಮರಕ್ಕೆ ನಡೆಯುತ್ತದೆ. ಬಟ್ಟೆ ಸೋಪಿನ ಪುಡಿ ಬಿದ್ದ ನೀರು ಬೇಡ. ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಘಟಕ, ಇದ್ದರೆ ಕೇಳಿ ನೋಡಿ, ಸಂಸ್ಕರಿಸಿದ ನೀರನ್ನು ಏನು ಮಾಡುವುದು ಅನ್ನುವುದೇ ಎಷ್ಟೋ ಕಡೆ ಅವರ ತಲೆನೋವು. ಆ ನೀರನ್ನು ಮರಕ್ಕೆ ಮಾತ್ರ ಹಾಕಿ, ತಿನ್ನುವ ಸೊಪ್ಪಿಗೆ ಬೇಡ.

ಹಾಕಿದ ನೀರು ಆರದ ಹಾಗೆ ನೋಡಿಕೊಳ್ಳುವುದೂ ನೀರು ತಂದಷ್ಟೇ ಸರಿ. ಎಳನೀರು ಮಾರುವವರ ಹತ್ತಿರ ಖಾಲಿ ಬುರುಡೆ ರಾಶಿ ಇರುತ್ತದೆ, ಪುಕ್ಕಟೆ ಕೊಡುತ್ತಾರೆ. ಸೀಳಿ, ಗಿಡದ ಸುತ್ತ ಟೊಳ್ಳು ಭಾಗ ಕೆಳಗಾಗಿ ಜೋಡಿಸಿ. ಮೇಲಾಗಿ ಇಟ್ಟರೆ ನೀರು ನಿಂತು ಡೆಂಗಿ ಸೊಳ್ಳೆ ಸಾಕಿದ ಹಾಗೆ ಆಗುತ್ತದೆ. ಅದರ ಮೇಲೆ ಒಣಗಿದ ಎಲೆ ಹರಡಿ. ಗಿಡದ ಪಕ್ಕದಲ್ಲಿ ಎರಡು ಅಡಿ ಉದ್ದದ, ಮೈಯಲ್ಲಿ ತೂತು ಕೊರೆದ ಪಿವಿಸಿ ಪೈಪ್ ನೆಟ್ಟು ಅದರೊಳಗೆ ನೀರು ಹಾಕಿದರೆ ನೇರ ಬೇರಿಗೆ ಇಳಿಯುತ್ತದೆ. ಮೇಲೆ ಹಾಕಿದ ನೀರಿಗೆ ಬೇರು ಮೇಲೆಯೇ ಹರಡುತ್ತದೆ, ಅಂಥ ಮರ ಗಾಳಿಗೆ ಬೀಳುತ್ತದೆ.

ಇನ್ನು ಎಲ್ಲಿ ನೆಡುವುದು. ಬೆಂಗಳೂರಿನ ರಸ್ತೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ, ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳದ್ದು. ಮರ ಇರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಬಿಸಿ, ಮರ ಇಲ್ಲದ ಕಡೆಗಿಂತ 5.6 ಡಿಗ್ರಿವರೆಗೂ ಕಡಿಮೆ ಇತ್ತು. ಡಾಂಬರಿನ ಮೇಲ್ಮೈ 27.5 ಡಿಗ್ರಿವರೆಗೂ ತಣ್ಣಗಿತ್ತು. ಈ ತಂಪು ಸಿಗುವುದು ನೆರಳು ಬಿದ್ದ ಕಡೆ. ಆದ್ದರಿಂದ ಬೇಲಿ ಉದ್ದಕ್ಕೂ ಸಾಲಾಗಿ ನೆಟ್ಟು ಚಂದ ನೋಡುವುದಕ್ಕಿಂತ, ಜನ ನಿಲ್ಲುವ ಕಡೆ ನೆಡಿ. ನೀರಿಗೆ ಕ್ಯೂ ನಿಲ್ಲುವ ಜಾಗ, ಅಂಗನವಾಡಿ ಬಾಗಿಲು, ತಳ್ಳುಗಾಡಿಯವರು ನಿಲ್ಲುವ ತಿರುವು, ಅಜ್ಜಂದಿರು ಕೂರುವ ಕಟ್ಟೆ. ಕಟ್ಟಡದ ಪಡುವಣ ಗೋಡೆಯ ಕಡೆ ಜಾಗ ಇದ್ದರೆ ಅಲ್ಲಿ ಖಂಡಿತ ಒಂದೆರಡು ಇರಲಿ. ಮಧ್ಯಾಹ್ನ ಮೂರರಿಂದ ಆರರವರೆಗೆ ಕಾದ ಆ ಗೋಡೆಯೇ ರಾತ್ರಿಯಿಡೀ ಮನೆಯೊಳಗೆ ಬಿಸಿ ಬಿಡುವುದು.

ಈಗ ಗಿಡಗಳ ವಿಷಯಕ್ಕೆ ಬರೋಣ. ದೊಡ್ಡ ನೆರಳಿಗೆ ಹೊಂಗೆಯನ್ನು ಮೀರಿಸಿದ್ದು ನನಗೆ ಗೊತ್ತಿಲ್ಲ. ಈಗಾಗಲೇ ನಿಮ್ಮಲ್ಲಿ ಒಂದು ಚೆನ್ನಾಗಿ ಬಂದಿದೆ, ಅಂದರೆ ಆ ಮಣ್ಣಿಗೆ ಅದು ಒಗ್ಗಿದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಹಳೆ ಎಲೆ ಉದುರಿಸಿ ಕೂಡಲೇ ಚಿಗುರುತ್ತದೆ, ಏಪ್ರಿಲ್ ಉರಿಬಿಸಿಲಿಗೆ ನೆರಳು ತಯಾರಾಗಿರುತ್ತದೆ. ಜಾಗ ದೊಡ್ಡದಿರುವ ಕಡೆ ಒಂದೆರಡು ಬೇವು, ಒಂದು ನೇರಳೆ. ನೇರಳೆಯ ಕೆಳಗೆ ಗಾಡಿ ನಿಲ್ಲಿಸುವವರು ಹಣ್ಣಿನ ಕಲೆಗೆ ಬಯ್ಯುತ್ತಾರೆ. ಮಕ್ಕಳು ಬಯ್ಯುವುದಿಲ್ಲ. ನಾನು ಮಕ್ಕಳ ಪರ.

ಮಕ್ಕಳು ಆಡುವ ಕಡೆ ಒಂದು ಗಸಗಸೆ ಹಣ್ಣಿನ ಮರ ನೆಡಿ. ಸಿಂಗಪುರ ಚೆರ್ರಿ ಅಂತಲೂ ಕರೆಯುತ್ತಾರೆ. ಅದು ಅಮೆರಿಕ ಖಂಡದಿಂದ ಬಂದದ್ದು, ‘ದೇಶಿ ಮರ ಮಾತ್ರ’ ಅನ್ನುವವರು ಮೂಗು ಮುರಿಯುತ್ತಾರೆ. ಆದರೆ ಎರಡು ಮೂರು ವರ್ಷಕ್ಕೆ ಕೊಡೆಯ ಹಾಗೆ ಹರಡಿ ನೆರಳು ಕೊಡುತ್ತದೆ, ವರ್ಷದ ಬಹುಪಾಲು ಹಣ್ಣು ಬಿಡುತ್ತದೆ. ಹೊಂಗೆ, ಬೇವು ದೊಡ್ಡದಾಗುವ ತನಕ ಜನರಿಗೆ ತೋರಿಸಲು ಒಂದು ಮರವಾದರೂ ಬೇಕಲ್ವಾ? ಇಲ್ಲದಿದ್ದರೆ ಎರಡನೇ ವರ್ಷಕ್ಕೇ ನಂಬಿಕೆ ಹೋಗುತ್ತದೆ. ಅದರ ಕೊಂಬೆ ಮೆದು, ಮಕ್ಕಳು ಹತ್ತದ ಹಾಗೆ ನೋಡಿಕೊಳ್ಳಿ.

ವಿದ್ಯುತ್ ತಂತಿ ಕೆಳಗೆ ದೊಡ್ಡ ಮರ ಬೇಡವೇ ಬೇಡ. ಬೆಳೆದ ಮೇಲೆ ಲೈನ್‌ಮನ್‌ಗಳು ಅರ್ಧ ತಲೆ ಬೋಳಿಸಿ ಹೋಗುತ್ತಾರೆ, ತೂಕ ಒಂದೇ ಕಡೆ ಆಗಿ ಮಳೆಗಾಳಿಗೆ ಅದೇ ಮೊದಲು ಬೀಳುತ್ತದೆ. ಅಲ್ಲಿ ಕರಿಬೇವು, ಸೀಬೆ, ಪಾರಿಜಾತ, ಬಸವನಪಾದದಂಥವು ಸಾಕು.

ನುಗ್ಗೆಯನ್ನು ಮಾತ್ರ ಕೈಬಿಡಬೇಡಿ. ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ ಬೆಂಗಳೂರಿನ 44 ಕೊಳಗೇರಿಗಳನ್ನು ಅಧ್ಯಯನ ಮಾಡಿ 2014ರಲ್ಲಿ ಬರೆದರು. ಊಟಕ್ಕೆ, ಔಷಧಿಗೆ ಆಗುವ ಗಿಡಗಳನ್ನೇ ಜನ ಬೆಳೆಸಿಕೊಂಡಿದ್ದರು. ಮರದ ಕೆಳಗೆ ಅಡುಗೆ, ಪಾತ್ರೆ ತೊಳೆಯುವುದು, ಪೊರಕೆ ಕಟ್ಟುವುದು, ಟೈರ್ ರಿಪೇರಿ ಎಲ್ಲ ನಡೆಯುತ್ತಿತ್ತು. ಪ್ಲಾಸ್ಟಿಕ್ ಚೀಲ, ಪೇಂಟ್ ಡಬ್ಬ, ಹಳೆ ಪಾತ್ರೆ, ಬಕೆಟ್‌ಗಳಲ್ಲಿ ಕೈತೋಟ ಇತ್ತು. ನಿಮ್ಮ ಮೆಟ್ಟಿಲ ಮೇಲೂ ತುಳಸಿ, ದೊಡ್ಡಪತ್ರೆ ಇದ್ದೇ ಇರುತ್ತವೆ. ಅಂದರೆ ತೋಟ ಮಾಡುವುದನ್ನು ನಿಮಗೆ ಹೊರಗಿನವರು ಬಂದು ಕಲಿಸಬೇಕಿಲ್ಲ. ಬೇಕಾದದ್ದು ಜಾಗ, ನೀರು.

ನುಗ್ಗೆಗೆ ಎರಡು ದೂರು ಬರುತ್ತವೆ. ಕೊಂಬೆ ಲಟಕ್ಕನೆ ಮುರಿಯುತ್ತದೆ, ಕಂಬಳಿಹುಳು ಬಿದ್ದು ತುರಿಕೆ ಆಗುತ್ತದೆ. ಎರಡಕ್ಕೂ ಮದ್ದು ಕತ್ತಿ. ವರ್ಷಕ್ಕೊಮ್ಮೆ ಕಾಯಿ ಮುಗಿದ ಮೇಲೆ ಸೊಂಟದೆತ್ತರಕ್ಕೆ ಕಡಿಯಿರಿ. ಮತ್ತೆ ಚಿಗುರಿ ಸೊಪ್ಪು, ಕಾಯಿ ಕೈಗೆಟಕುವ ಹಾಗೆ ಬರುತ್ತದೆ. ಹುಳು ಗುಂಪಾಗಿ ಕಾಂಡಕ್ಕೆ ಅಂಟಿಕೊಂಡಾಗಲೇ ಕಾಣಿಸುತ್ತದೆ, ಆಗಲೇ ತೆಗೆಯಬಹುದು. ಹೊಸದಾಗಿ ಹಾಕುವುದಾದರೆ ಬೀಜದಿಂದ ಬರುವ ಪಿಕೆಎಂ-1 ಅಥವಾ ನಮ್ಮ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಕೇಳಿ. ವರ್ಷದೊಳಗೆ ಕಾಯಿ.

ಬೇಡ ಅನ್ನಬೇಕಾದ ಗಿಡಗಳನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕಂಪನಿಯವರು ನರ್ಸರಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತರುತ್ತಾರೆ. ಕೋನೋಕಾರ್ಪಸ್ ಬೇಡ. ಬೇಗ ಹಸಿರಾಗುತ್ತದೆ ನಿಜ, ಆದರೆ ಬೇರು ಪೈಪು, ಚರಂಡಿ ಹುಡುಕಿಕೊಂಡು ಹೋಗುತ್ತದೆ. ಗುಜರಾತ್ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಗುಲ್‌ಮೊಹರ್, ರೈನ್ ಟ್ರೀ ಇಕ್ಕಟ್ಟಿನ ಜಾಗಕ್ಕಲ್ಲ, ಏಪ್ರಿಲ್–ಮೇ ಬಿರುಗಾಳಿಗೆ ಕೊಂಬೆ ಬೀಳುತ್ತದೆ. ಓಡಾಡುವ ದಾರಿಯಲ್ಲಿ ತೆಂಗೂ ಬೇಡ.

‘ಮಿಯಾವಾಕಿ ಕಾಡು’ ಮಾಡಿಕೊಡುತ್ತೇವೆ ಎಂದೂ ಅನ್ನಬಹುದು. ಜಪಾನಿನ ಅಕಿರಾ ಮಿಯಾವಾಕಿ ಅವರ ವಿಧಾನ ಅದು, ಚದರ ಮೀಟರಿಗೆ ಮೂರು ನಾಲ್ಕು ಗಿಡ ಒತ್ತೊತ್ತಾಗಿ ನೆಡುವುದು. ಕಡಿಮೆ ಜಾಗದಲ್ಲಿ 200 ಎಂಬ ಸಂಖ್ಯೆ ತೋರಿಸಲು ಬಹಳ ಅನುಕೂಲ. ಆದರೆ ಅದರೊಳಗೆ ಕಾಲಿಡಲು ಆಗುವುದಿಲ್ಲ, ಎರಡು ಮೂರು ವರ್ಷ ಬಿಡದೆ ನೀರು ಬೇಕು. ಇರುವ ಒಂದೇ ಖಾಲಿ ಜಾಗವನ್ನು ಯಾರೂ ಕೂರಲಾಗದ ಪೊದೆ ಮಾಡಿ ಬೇಲಿ ಹಾಕುವುದು ನಿಮ್ಮಂಥ ಕ್ವಾರ್ಟರ್ಸ್‌ಗೆ ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನೆಡುವಾಗ ಕೈಗೆ ಸಿಗುವ ಸಣ್ಣ ಸಸಿ ಬೇಡ, ಐದಾರು ಅಡಿಯ ಗಟ್ಟಿ ಗಿಡ ಕೇಳಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟಾಗಲೂ ದನ, ಮೇಕೆಯ ಬಾಯಿಗೆ ಸಿಗದ ಎತ್ತರದ ಸಸಿಗೆ, ಬೇಲಿಗೆ ಒತ್ತು ಕೊಟ್ಟಿದ್ದರು. ಗುಂಡಿ ಎರಡು ಅಡಿ ಉದ್ದ, ಅಗಲ, ಆಳ ಇರಲಿ. ನಿಮ್ಮ ಜಾಗದಲ್ಲಿ ಕಟ್ಟಡದ ಅವಶೇಷ ತುಂಬಿದ್ದರೆ ಮೂರು ಅಡಿ ತೆಗೆದು ಜಲ್ಲಿ, ಸಿಮೆಂಟ್ ಚೂರು ಆರಿಸಿ ಹೊರಗೆ ಹಾಕಿ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಹೊಸ ಎಲೆ ಹಳದಿಯಾಗುತ್ತದೆ, ಎಷ್ಟು ಗೊಬ್ಬರ ಹಾಕಿದರೂ ಹಸಿರಾಗುವುದಿಲ್ಲ. ಕೆಮ್ಮಣ್ಣು, ಹಳೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು. ಕಬ್ಬಿಣದ ಟ್ರೀ ಗಾರ್ಡ್ ಗುಜರಿಗೆ ಹೋಗುತ್ತದೆ, ಬಿದಿರಿನದ್ದು ಕೇಳಿ.

ಗಿಡದ ಬುಡಕ್ಕೆ ಕಾಂಕ್ರೀಟ್ ಹಾಕಲು ಬಿಡಬೇಡಿ. ದೆಹಲಿಯ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಮರದ ಸುತ್ತ 1 ಮೀಟರ್ ಜಾಗದ ಕಾಂಕ್ರೀಟ್ ತೆಗೆಯಿರಿ ಎಂದಿತ್ತು. ಮುಂದೆ ರಸ್ತೆ ಕಾಮಗಾರಿ ಬಂದಾಗ ಕಾಂಟ್ರಾಕ್ಟರಿಗೆ ಹೇಳಲು ಇದು ನೆನಪಿರಲಿ.

ಇನ್ನು ಕಸದ ಮೂಲೆ. ಅಲ್ಲಿ ತೋಟ ಮಾಡುವ ಮೊದಲು ಆ ಕಸ ಎಲ್ಲಿ ಹೋಗಬೇಕು ಅನ್ನುವುದು ತೀರ್ಮಾನ ಆಗಬೇಕು. ಪೌರಕಾರ್ಮಿಕರ ಹತ್ತಿರ, ಕಸದ ಆಟೋದವರ ಹತ್ತಿರ ಮೊದಲು ಮಾತಾಡಿ. ಬೆಳಿಗ್ಗೆ ಆರಕ್ಕೇ ಗಾರ್ಮೆಂಟ್ಸ್‌ಗೆ ಹೊರಡುವವರು ಆಟೋ ಬರುವ ಮುಂಚೆ ಕಸ ಎಲ್ಲಿ ಇಡಬೇಕು? ಅದಕ್ಕೆ ದಾರಿ ಆಗದಿದ್ದರೆ ನಿಮ್ಮ ಬದನೆ ಗಿಡದ ಮೇಲೆಯೇ ಚೀಲ ಬಂದು ಬೀಳುತ್ತದೆ.

ಎರಡನೆಯದು ಮಣ್ಣು. ವರ್ಷಗಟ್ಟಲೆ ಕಸ ಬಿದ್ದ, ಸುಟ್ಟ ಜಾಗದಲ್ಲಿ ಬ್ಯಾಟರಿ, ಪೇಂಟ್, ಟ್ಯೂಬ್‌ಲೈಟ್ ಎಲ್ಲ ಸೇರಿರುತ್ತದೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಸೊಪ್ಪಿನಲ್ಲಿ, ಗೆಡ್ಡೆಯಲ್ಲಿ ಜಾಸ್ತಿ ಸೇರುತ್ತವೆ, ಕಾಯಿಯಲ್ಲಿ ಕಡಿಮೆ. ‘ಮಣ್ಣು ಪರೀಕ್ಷೆ ಮಾಡಿಸಿದ್ದೇವೆ’ ಎಂದು ಸಮಾಧಾನ ಪಡಬೇಡಿ. ಸರ್ಕಾರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ನೋಡುತ್ತಾರೆ, ಅದರಲ್ಲಿ ಸೀಸ ಇಲ್ಲ. ಭಾರಲೋಹದ ಪರೀಕ್ಷೆ ಅಂತ ಬೇರೆಯಾಗಿ ಕೇಳಬೇಕು. ಸುಲಭದ ದಾರಿ ಅಂದರೆ ಆ ಮಣ್ಣಿನ ಸಹವಾಸವೇ ಬೇಡ. ಸಿಮೆಂಟ್ ಬ್ಲಾಕಿನಲ್ಲಿ ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ, ಕೆಳಗೆ ದಪ್ಪ ಹಾಳೆ ಹಾಸಿ ನೀರು ಬಸಿಯಲು ಬದಿಗೆ ತೂತು ಬಿಟ್ಟು, ಹೊರಗಿನ ಕೆಮ್ಮಣ್ಣು, ಗೊಬ್ಬರ ತುಂಬಿ. ಹೆಚ್ಚು ಬಗ್ಗದೆ ಕೆಲಸ ಮಾಡಬಹುದು, ವಯಸ್ಸಾದವರಿಗೂ ಆಗುತ್ತದೆ. ಕೆಮಿಕಲ್ ಬಂದಿದ್ದ ನೀಲಿ ಡ್ರಮ್ ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಮೆಂತ್ಯ, ಹರಿವೆ, ದಂಟು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ, ಸಂಘದವರ ಉತ್ಸಾಹ ಉಳಿಸಲು ಅವೇ ಮೊದಲು. ಆದರೆ ಪದೇಪದೇ ಬಿತ್ತಬೇಕು. ಬಸಳೆ, ಚಕ್ರಮುನಿ, ಹೊನಗೊನೆ ಒಮ್ಮೆ ಹಾಕಿದರೆ ಕಿತ್ತಷ್ಟೂ ಬರುತ್ತವೆ, ಎರಡು ಪಾಳಿಯಲ್ಲಿ ದುಡಿಯುವ ಮನೆಗಳಿಗೆ ಇವು ಅನುಕೂಲ. ಬೇಲಿಗೆ ಅವರೆ, ಹೀರೆ ಹಬ್ಬಿಸಿ. ಮಡಿಗಳನ್ನು ಮನೆಗೊಂದು ಅಂತ ಹಂಚುವುದೋ, ಎಲ್ಲರೂ ಸೇರಿ ಬೆಳೆದು ಹಂಚಿಕೊಳ್ಳುವುದೋ ಅಂತ ಮೊದಲೇ ತೀರ್ಮಾನಿಸಿ. ನಾನಾದರೆ ನಾಲ್ಕೈದು ಮನೆಗೆ ಒಂದು ಮಡಿ ಕೊಡುತ್ತೇನೆ. ‘ಎಲ್ಲರದ್ದು’ ಎಂದರೆ ನೀರು ಹಾಕುವವರು ಇಬ್ಬರು, ಕೀಳುವವರು ಎಲ್ಲರೂ.

ಅನುಮತಿಯ ವಿಷಯ. ಆ ಮೂಲೆ ಯಾರ ಹೆಸರಲ್ಲಿದೆ ಅಂತ ಮೊದಲು ತಿಳಿಯಿರಿ. ಕ್ವಾರ್ಟರ್ಸ್ ಒಳಗಿದ್ದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯದ್ದೇ ಇರಬಹುದು, ರಸ್ತೆ ಬದಿ ಪಾಲಿಕೆಯದ್ದು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆ, ನಿಮ್ಮದು ಯಾವುದು ನೋಡಿಕೊಂಡು ಅರ್ಜಿ ಕೊಡಿ. ಬಾಯಿಮಾತಿನ ‘ಮಾಡ್ಕೊಳ್ಳಿ ಬಿಡಮ್ಮ’ ಸಾಲದು. ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನ್ಯೂಯಾರ್ಕ್‌ನಲ್ಲಿ 1970ರ ದಶಕದಲ್ಲಿ ಬಡ ಬಡಾವಣೆಗಳ ಜನ ಪಾಳು ಸೈಟುಗಳ ಕಸ ತೆಗೆದು ತೋಟ ಮಾಡಿದರು. ಜಾಗಕ್ಕೆ ಬೆಲೆ ಬಂದ ಮೇಲೆ, 1999ರಲ್ಲಿ, ನಗರಾಡಳಿತ ಅಂಥ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟಿತು. ಸಂಸ್ಥೆಗಳು ದುಡ್ಡು ಹಾಕಿ ಕೊಂಡಿದ್ದಕ್ಕೆ ಉಳಿದವು. ನಿಮ್ಮ ಮೂಲೆ ಚೊಕ್ಕಟವಾದ ಮೇಲೆ ಅದರ ಮೇಲೆ ಕಣ್ಣು ಬೀಳುವುದಿಲ್ಲ ಎಂದು ಹೇಳಲಾಗದು.

ಇನ್ನೊಂದು ಮಾತು. ಬಹುಪಾಲು ಮರಗಳನ್ನು, ನೀವೇ ನೆಟ್ಟಿದ್ದರೂ, ಬೆಳೆದ ಮೇಲೆ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಆಮೇಲೆ ಬೇಡ ಅನ್ನಿಸಿದರೆ ಸುಲಭಕ್ಕೆ ಆಗುವುದಿಲ್ಲ. ಅದಕ್ಕೇ ಜಾಗ ಆರಿಸುವಾಗ ಎರಡನೇ ಬ್ಲಾಕ್‌ನವರನ್ನೂ ಜೊತೆಗೆ ಕರೆದುಕೊಂಡು ಓಡಾಡಿ.

ಅವರ ಭಯ ಪೂರ್ತಿ ಸುಳ್ಳಲ್ಲ. ಆಲ, ಅರಳಿ, ಅತ್ತಿ ಗೋಡೆ ಪಕ್ಕ ಬಂದರೆ ಬಿರುಕಿನಲ್ಲಿ ಬೇರು ಬಿಡುತ್ತವೆ. ಹೊಂಗೆ, ಬೇವನ್ನು ಗೋಡೆಯಿಂದ 10–12 ಅಡಿ ದೂರ ನೆಟ್ಟರೆ ಗಟ್ಟಿ ಪಾಯಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಕರಿಬೇವು, ಸೀಬೆಗೆ ಐದಾರು ಅಡಿ ಸಾಕು. ಒಳಚರಂಡಿ ಪೈಪು ಸೋರುತ್ತಿದ್ದರೆ ಮಾತ್ರ ಯಾವ ಮರದ ಬೇರಾದರೂ ಅತ್ತ ಹೋಗುತ್ತದೆ, ಮೊದಲು ಆ ಸೋರಿಕೆ ಸರಿಮಾಡಿಸಿ.

ಕೊನೆಗೆ ಕಂಪನಿಯವರಿಗೆ ಏನು ಹೇಳುವುದು? ಹೀಗೆ ಬರೆಯಿರಿ: ನಮಗೆ ಈ ವರ್ಷ ಆರಡಿಯ 24 ಗಿಡ, ಬಿದಿರಿನ ಬೇಲಿ, ಒಂದು ಟ್ಯಾಂಕ್, ಆರ್‌ಒ ಘಟಕದಿಂದ ಪೈಪು, ಮಡಿ ಕಟ್ಟಲು ಬ್ಲಾಕು, ಮಣ್ಣು ಕೊಡಿ. ಉಳಿದ ದುಡ್ಡಿನಲ್ಲಿ ನಮ್ಮಲ್ಲೇ ಒಬ್ಬರಿಗೆ ಮೂರು ವರ್ಷ ನೀರು ಹಾಕುವ ಕೂಲಿ ಕೊಡಿ. ಗಿಡ ಸತ್ತ ಕಡೆ ಮುಂದಿನ ಜೂನ್‌ನಲ್ಲಿ ಬದಲಿ ಗಿಡ ಕೊಡಿ. ‘ನಮ್ಮ ಬಜೆಟ್ ಈ ವರ್ಷಕ್ಕೆ ಮಾತ್ರ’ ಎಂದರೆ ಒಪ್ಪಬೇಡಿ. ಕಂಪನಿಗಳು ಸಮಾಜದ ಕೆಲಸಕ್ಕೆ ದುಡ್ಡು ಖರ್ಚು ಮಾಡುವ ಸಿಎಸ್‌ಆರ್ ನಿಯಮದಲ್ಲಿ ‘ಮುಂದುವರಿಯುವ ಯೋಜನೆ’ ಅಂತಲೇ ಇದೆ. ಶುರುವಾದ ಹಣಕಾಸು ವರ್ಷ ಬಿಟ್ಟು ಇನ್ನೂ ಮೂರು ವರ್ಷ ಅದಕ್ಕೆ ಖರ್ಚು ಮಾಡಬಹುದು. ಜೂನ್ 5ರ ಫೋಟೋ ಅವರಿಗೆ ಬೇಕಿದ್ದರೆ ತೆಗೆದುಕೊಳ್ಳಲಿ. ಏಪ್ರಿಲ್‌ನಲ್ಲೂ ಒಮ್ಮೆ ಬಂದು ಅದೇ ಗಿಡಗಳ ಫೋಟೋ ತೆಗೆಯಬೇಕು ಅನ್ನುವುದನ್ನೂ ಪತ್ರದಲ್ಲಿ ಸೇರಿಸಿ.